ಮರದಿಂದ ಒಸರುವ ಅಂಟು: ‘ಹಸಿ ಮರ’ ಎಂದರೆ ಸಾಕೆ?

ಹೊಸ ಮನೆಯ ಪೈನ್ ಬಾಗಿಲಿನ ಗಂಟುಗಳಿಂದ ಬೇಸಿಗೆಯಲ್ಲಿ ಜೇನಿನಂಥ ಅಂಟು ಒಸರುವುದನ್ನು ನೀವು ನೋಡಿರಬಹುದು. ಕಾರಣ ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ: ‘ಮರ ಇನ್ನೂ ಹಸಿ. ಅದರ ರಸ ಹೊರಬರುತ್ತಿದೆ. ಬಿಸಿಲಿಗೆ ಒಣಗಿದರೆ ಸರಿಹೋಗುತ್ತದೆ.’ ಮನೆ ಕಟ್ಟುವವರಿಗೆ ಸಲಹೆ ನೀಡುವ ಬರಹಗಳಲ್ಲಿಯೂ ಇದು ಕಾಣುತ್ತದೆ. ಇದನ್ನು ನಂಬಿ ಬಾಗಿಲನ್ನು ಬಿಸಿಲಿಗೊಡ್ಡಿದವರಿಗೆ ಸಿಗುವುದು ಇನ್ನಷ್ಟು ಅಂಟು!

ತಪ್ಪಿನ ಮೂಲ ‘ರಸ’ ಎಂಬ ಪದದಲ್ಲಿದೆ. ಬೇರಿನಿಂದ ಎಲೆಗೆ ಏರುವ ಸಸ್ಯರಸ ಬಹುಪಾಲು ನೀರು. ಪೈನ್ ಮರದ ಅಂಟು ರಾಳ. ಅದು ಬೇರೆಯೇ ನಾಳಗಳಲ್ಲಿರುತ್ತದೆ, ನೀರಿನಲ್ಲಿ ಕರಗುವುದಿಲ್ಲ. ಮಾವಿನ ಸೊನೆ, ಹಲಸಿನ ಮೇಣ, ಜಾಲಿಯ ಗೋಂದು ಎಂದು ನಮ್ಮ ಹಳ್ಳಿಯವರು ಬೇರೆಬೇರೆ ಹೆಸರಿಟ್ಟು ಗುರುತಿಸಿದ್ದನ್ನು ನಾವು ತರಗತಿಯಲ್ಲಿ ‘ರಸ’ವೆಂಬ ಒಂದೇ ಪಾತ್ರೆಗೆ ಸುರಿಯುತ್ತೇವೆ. ನೀರಿನಂಶ ಶೇಕಡ 12ಕ್ಕೆ ಇಳಿದ, ಚೆನ್ನಾಗಿ ಒಣಗಿದ ಹಲಗೆಯಿಂದಲೂ ರಾಳ ಒಸರಬಲ್ಲದು.

ಇನ್ನು ಭೌತವಿಜ್ಞಾನ. ರಾಳದಲ್ಲಿ ಎರಡು ಭಾಗಗಳು: ಬಾಷ್ಪಶೀಲವಾದ ಟರ್ಪೆಂಟೈನ್, ಅದರಲ್ಲಿ ಕರಗಿರುವ ಗಟ್ಟಿ ರೋಸಿನ್. ಉಷ್ಣತೆ ಏರಿದಂತೆ ಈ ಮಿಶ್ರಣದ ಸ್ನಿಗ್ಧತೆ ತೀವ್ರವಾಗಿ ಕುಗ್ಗುತ್ತದೆ. ಜೊತೆಗೆ, ಮರದೊಳಗೆ ಸಿಕ್ಕಿಕೊಂಡ ಗಾಳಿ ಹಿಗ್ಗುತ್ತದೆ. ಪಡುವಣ ದಿಕ್ಕಿನ, ಕಡುಬಣ್ಣ ಬಳಿದ ಬಾಗಿಲು 27 ಡಿಗ್ರಿಯಿಂದ 57 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿತೆನ್ನಿ. ಕೆಲ್ವಿನ್‌ನಲ್ಲಿ ಇದು 300ರಿಂದ 330. ಒತ್ತಡ ಬದಲಾಗದಿದ್ದರೆ ಗಾಳಿಯ ಗಾತ್ರ ಹತ್ತರಲ್ಲಿ ಒಂದು ಪಾಲು ಹೆಚ್ಚಬೇಕು. ತೆಳುವಾದ ರಾಳವನ್ನು ಅದು ಹೊರಗೆ ನೂಕುತ್ತದೆ. ಚಾರ್ಲ್ಸ್ ನಿಯಮಕ್ಕೆ ಬಲೂನಿನ ಉದಾಹರಣೆಯನ್ನೇ ಮತ್ತೆ ಮತ್ತೆ ಕೊಡುವ ಶಿಕ್ಷಕರು ಇದನ್ನೂ ಬಳಸಬಹುದು.

ರಾಳವನ್ನು ‘ಕೂರಿಸುವ’ ಸರಿಯಾದ ಜಾಗ ಮರ ಒಣಗಿಸುವ ಗೂಡು. ಅಲ್ಲಿ ಹಲಗೆಯ ಒಳಭಾಗವನ್ನು ಸುಮಾರು 70 ಡಿಗ್ರಿಗೂ ಮೇಲೆ ಗಂಟೆಗಟ್ಟಲೆ ಕಾಯಿಸಿದರೆ ಟರ್ಪೆಂಟೈನ್‌ನ ಬಹುಪಾಲು ಹಾರಿಹೋಗಿ ಗಟ್ಟಿ ಭಾಗ ಉಳಿಯುತ್ತದೆ. ಇಲ್ಲಿ ಇನ್ನೊಂದು ಗೊಂದಲವಿದೆ. ವಿದೇಶದಿಂದ ಬಂದ ಪೆಟ್ಟಿಗೆಗಳ ಪೈನ್ ಹಲಗೆಯ ಮೇಲಿನ ‘ಎಚ್.ಟಿ.’ ಮುದ್ರೆ ತೋರಿಸಿ, ‘ಕಾಯಿಸಿದ ಮರ, ಅಂಟು ಬರುವುದಿಲ್ಲ’ ಎಂದು ಮಾರುವವರಿದ್ದಾರೆ. ಆ ಮುದ್ರೆಯ ಅರ್ಥ, ಮರದ ತಿರುಳನ್ನು 56 ಡಿಗ್ರಿಯಲ್ಲಿ 30 ನಿಮಿಷ ಇಟ್ಟಿದ್ದರು ಎಂದಷ್ಟೆ. ಅದು ಕೀಟಗಳನ್ನು ಕೊಲ್ಲಲು. ರಾಳಕ್ಕೂ ಅದಕ್ಕೂ ಸಂಬಂಧವಿಲ್ಲ.

ಎಲ್ಲ ಮರಕ್ಕೂ ಇದೇ ವಿವರಣೆ ಹೊಂದುವುದೂ ಇಲ್ಲ. ನಮ್ಮ ಹೊನ್ನೆಯ ಮರ ಒದ್ದೆಯಾದರೆ ಹಳದಿ ಬಣ್ಣ ಬಿಟ್ಟು ಪಕ್ಕದ ಗೋಡೆಗೆ ಕಲೆ ಮಾಡುತ್ತದೆ. ಅದು ನೀರಿನಲ್ಲಿ ಕರಗುವ ಬಣ್ಣ. ಪೈನ್‌ಗೆ ಶತ್ರು ಬಿಸಿಲಾದರೆ ಹೊನ್ನೆಗೆ ಮಳೆ. ಒಂದೇ ಔಷಧಿ ಎರಡಕ್ಕೂ ನಾಟೀತೆ?

ಬಾಗಿಲು ಈಗಾಗಲೇ ನಿಂತಿದ್ದರೆ? ಮುಂಜಾನೆ ತಂಪಿನಲ್ಲಿ, ರಾಳ ಗಡುಸಾಗಿರುವಾಗ ಕೆರೆದು ತೆಗೆಯಿರಿ. ಉಳಿದದ್ದನ್ನು ಸ್ಪಿರಿಟ್ ಅದ್ದಿದ ಬಟ್ಟೆಯಿಂದ ಒರೆಸಿ. ನೀರು, ಸೋಪು ವ್ಯರ್ಥ. ಒಂದು ಬೇಸಿಗೆ ಕಳೆದು ಒಸರು ತಗ್ಗಿದ ಮೇಲೆ, ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿದ ಪಾಲಿಷನ್ನು ಗಂಟುಗಳಿಗೆ ಬಳಿದು ಆಮೇಲೆ ಬಣ್ಣ ಹಚ್ಚಿ. ರಾಳ ಹೆಚ್ಚಿದ್ದರೆ ಈ ಪದರವೂ ಪೂರ್ತಿ ತಡೆಯಲಾರದು. ಆ ಗಂಟನ್ನೇ ಕೊರೆದು ತೆಗೆದು ಬೇರೆ ಮರದ ತುಂಡು ಕೂರಿಸುವುದು ಮೇಲು. ಗ್ಯಾಸ್ ಜ್ವಾಲೆ ಹಿಡಿದು ಅಂಟನ್ನು ‘ಸುಟ್ಟುಬಿಡಿ’ ಎನ್ನುವ ಸಲಹೆಯನ್ನಂತೂ ಕಿವಿಗೆ ಹಾಕಿಕೊಳ್ಳಬೇಡಿ. ಟರ್ಪೆಂಟೈನ್‌ನ ಆವಿ ಸುಮಾರು 35 ಡಿಗ್ರಿಯಲ್ಲೇ ಕಿಡಿ ತಾಗಿದರೆ ಹೊತ್ತಿಕೊಳ್ಳಬಲ್ಲದು. ಸ್ಪಿರಿಟ್ ಬಳಸುವಾಗಲೂ ಒಲೆ, ದೀಪ ದೂರವಿರಲಿ; ಕಿಟಕಿ ತೆರೆದಿರಲಿ.