ಮೀನು ಕಂಡಿದ್ದು ಯಾರು?

ಆನ್‌ಸೈಟ್ ಅಂತ ಟ್ಯಾಂಪಾದಲ್ಲಿ ಒಂದು ವರ್ಷ ಇದ್ದಾಗ ತೆಗೆಸಿಕೊಂಡ ಫೋಟೋ ಒಂದಿದೆ. ಫ್ಲೋರಿಡಾದ ಬಿಸಿಲು, ಕಪ್ಪು ಕನ್ನಡಕ, ಎರಡೂ ಕೈಲಿ ಹಿಡಿದ ರೆಡ್‌ಫಿಶ್. 'ನನ್ನ ಮೊದಲ ಸಮುದ್ರದ ಮೀನು' ಅಂತ ಬರೆದು ಫೇಸ್‌ಬುಕ್ಕಿಗೆ ಹಾಕಿದ್ದೆ. ಲೈಕುಗಳು ಸುರಿದವು. ಊರಲ್ಲಿ ಚಿಕ್ಕಪ್ಪ ಅದನ್ನ ತಂಗಿಯ ಮೊಬೈಲಲ್ಲಿ ನೋಡಿ, ಭಾನುವಾರದ ಫೋನಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ.

"ಅದನ್ನ ಕಂಡಿದ್ದು ಯಾರು ಮಾರಾಯ?"

"ನಾನೇ ಹಿಡಿದದ್ದು ಚಿಕ್ಕಪ್ಪ."

"ಹಿಡಿದದ್ದು ನೀನೇ ಇರ್ಬೋದು. ಕಂಡಿದ್ದು ಯಾರು ಅಂತ ಕೇಳಿದ್ದು."

ಇದು ಕುಹಕ ಅಲ್ಲ. ನಮ್ಮ ಮಲೆನಾಡಲ್ಲಿ ಮುಂಗಾರಿನ ಮೊದಲ ಜೋರು ಮಳೆಗೆ ಹೊಳೆಯ ಮೀನುಗಳು ಹಳ್ಳ ಹತ್ತಿ ಗದ್ದೆವರೆಗೂ ಬರ್ತವೆ. ಹತ್ಮೀನು ಅಂತೀವಿ. ರಾತ್ರಿ ಹೊತ್ತು ಇಬ್ಬಿಬ್ಬರು ಹೋಗೋದು. ಒಬ್ಬನ ಕೈಲಿ ಬ್ಯಾಟರಿ, ಇನ್ನೊಬ್ಬನ ಕೈಲಿ ಕತ್ತಿ. ಬೆಳಕು ಬಿಟ್ಟವನು ಸರಿಯಾಗಿ ಬಿಡದಿದ್ದರೆ ಕತ್ತಿ ಬೀಸಿದವನಿಗೆ ಸಿಗೋದು ಬರೀ ಕೆಸರು. ಮನೆಗೆ ಬಂದಮೇಲೆ ಪಾಲು ಸಮಸಮ. ಚಿಕ್ಕಪ್ಪ ಜೀವಮಾನವಿಡೀ ಬ್ಯಾಟರಿ ಹಿಡಿದವನು. ಅವನು ಆ ಪ್ರಶ್ನೆ ಕೇಳದೆ ಇನ್ಯಾರು ಕೇಳಬೇಕು?

ನಿಜ ಹೇಳಬೇಕು ಅಂದ್ರೆ ಮೀನು ಕಂಡಿದ್ದು ನಾನಲ್ಲ. ಟ್ಯಾಂಪಾದಿಂದ ಉತ್ತರಕ್ಕೆ, ಗಲ್ಫ್ ಕರಾವಳಿಯಲ್ಲಿ ಹೊಮೊಸಾಸ ಅಂತ ಒಂದು ಊರು. ಅಲ್ಲಿ ಮೂವರು ಸೇರಿ ಅರ್ಧ ದಿನಕ್ಕೆ ಒಬ್ಬ ಗೈಡನ್ನು ಗೊತ್ತು ಮಾಡಿದ್ದೆವು. ಚಪ್ಪಟೆ ತಳದ ದೋಣಿ. ಮೊಣಕಾಲುದ್ದದ ನೀರಿಗೆ ಬಂದ ಕೂಡಲೇ ಮೋಟಾರು ಬಂದ್, ಸದ್ದಿಗೆ ಮೀನು ಬೆದರುತ್ತೆ. ಆಮೇಲೆ ಗೈಡ್ ಹಿಂದುಗಡೆ ಮೋಟಾರಿನ ಮೇಲೆ ಕಟ್ಟಿರೋ ಪುಟ್ಟ ಅಟ್ಟದ ಮೇಲೆ ಹತ್ತಿ, ಇಪ್ಪತ್ತು ಅಡಿ ಆಸುಪಾಸಿನ ಗಳ ಊರಿ ದೋಣಿ ತಳ್ಳೋಕೆ ಶುರು ಮಾಡ್ತಾನೆ. ಅಟ್ಟ ಯಾಕೆ ಅಂದ್ರೆ ಎತ್ತರದಿಂದ ನೀರಿನೊಳಗೆ ಚೆನ್ನಾಗಿ ಕಾಣುತ್ತೆ ಅಂತ. ದೋಣಿಯ ಮೂತಿ ಹನ್ನೆರಡು ಗಂಟೆ. ಉಳಿದ ದಿಕ್ಕೆಲ್ಲ ಗಡಿಯಾರದ ಲೆಕ್ಕ. "ಎರಡು ಗಂಟೆ, ನಲವತ್ತು ಅಡಿ!" ಅಂತ ಅವನು ಪಿಸುದನಿಯಲ್ಲಿ ಕೂಗಿದಾಗ ನಾನು ನೋಡಿದ್ದು ನನ್ನ ಕೈಗಡಿಯಾರ. ಇನ್ನೂ ಹತ್ತೂವರೆ ಆಗಿತ್ತು.

ಮೂರನೇ ಸಲಕ್ಕೆ ಅವನು ದೋಣಿಯನ್ನೇ ತಿರುಗಿಸಿ, ನನ್ನ ರಾಡಿನ ತುದಿಯನ್ನ ಮೀನಿನ ಕಡೆಗೆ ಮಾಡಿಸಿ, "ಈಗ ಎಸೀ" ಅಂದ. ಎಸೆದೆ. ಸಿಕ್ಕಿತು. ಸಿಗೋವರೆಗೂ ನನಗೆ ಮೀನು ಕಂಡಿರಲಿಲ್ಲ. ಫೋಟೋ ತೆಗೆದವನೂ ಅವನೇ. ಹಾಗಾಗಿ ಫೋಟೋದಲ್ಲಿ ಅವನಿಲ್ಲ. ಮೂಲೆಯಲ್ಲಿ ಅವನ ನೆರಳಿನ ತುಂಡು ಬಿದ್ದಿತ್ತು, ಅದನ್ನ ನಾನು ಕ್ರಾಪ್ ಮಾಡಿದ್ದೆ.

ಅವತ್ತಿನಿಂದ ಈ ಕಸುಬಿನ ಬಗ್ಗೆ ಪುಸ್ತಕ, ಸಿನಿಮಾ ಏನು ಸಿಕ್ಕಿದರೂ ಚಿಕ್ಕಪ್ಪನ ಪ್ರಶ್ನೆ ಇಟ್ಟುಕೊಂಡೇ ನೋಡೋದು ಅಭ್ಯಾಸವಾಗಿದೆ. ಸಮುದ್ರದ ಮೀನಿನ ಬೇಟೆ ಬಗ್ಗೆ ಇಂಗ್ಲಿಷಿನಲ್ಲಿ ಕಪಾಟುಗಟ್ಟಲೆ ಬರೆದಿದ್ದಾರೆ. ಬಹುಪಾಲು ಬರೆದವರು ದುಡ್ಡು ಕೊಟ್ಟು ದೋಣಿ ಹತ್ತಿದವರು. ದೋಣಿ ತಳ್ಳಿದವರಿಗೆ ಸಂಜೆ ಬರೆಯೋ ಚೈತನ್ಯ ಉಳಿದಿರಲ್ಲ. ಗೈಡನ್ನೇ ನಡುವೆ ನಿಲ್ಲಿಸಿದ ಮೂರು ಪುಸ್ತಕಗಳ ಬಗ್ಗೆ ಇಲ್ಲಿ ಹೇಳ್ತೀನಿ.

ಮೊದಲನೆಯದು ಹೆಮಿಂಗ್ವೇಯ 'ಟು ಹ್ಯಾವ್ ಅಂಡ್ ಹ್ಯಾವ್ ನಾಟ್', 1937ರ ಕಾದಂಬರಿ. ಇದರ ಹ್ಯಾರಿ ಮಾರ್ಗನ್ ಕೀ ವೆಸ್ಟಿನವನು, ದೋಣಿ ಬಾಡಿಗೆಗೆ ಬಿಟ್ಟು ಶ್ರೀಮಂತರನ್ನ ಮಾರ್ಲಿನ್ ಬೇಟೆಗೆ ಕರೆದೊಯ್ಯೋನು. ಹವಾನಾದಲ್ಲಿ ಜಾನ್ಸನ್ ಅನ್ನೋ ಗಿರಾಕಿ ವಾರಗಟ್ಟಲೆ ಇವನ ದೋಣಿಯಲ್ಲಿ ಮೀನು ಹಿಡಿತಾನೆ, ಹೇಳಿದ ಮಾತು ಕೇಳದೆ ದೊಡ್ಡ ಮೀನಿಗೆ ರಾಡು ರೀಲು ಎರಡನ್ನೂ ಕಳಕೊಳ್ತಾನೆ, ಲೆಕ್ಕ ನಾಳೆ ಚುಕ್ತಾ ಮಾಡ್ತೀನಿ ಅಂದು ವಿಮಾನ ಹತ್ತಿ ಪರಾರಿ. ಅಲ್ಲಿಂದ ಮುಂದೆ ಹ್ಯಾರಿ ಕಳ್ಳಸಾಗಾಣಿಕೆಗೆ ಇಳಿಯೋದು, ಕೊಲೆ, ಎಲ್ಲಾ. ಗೈಡ್ ಬದುಕಿನಲ್ಲಿ ಒಂದು ಬಿಲ್ಲು ಬಾಕಿ ಬಿದ್ದರೆ ಏನಾಗುತ್ತೆ ಅನ್ನೋದನ್ನ ಇಷ್ಟು ಖಡಕ್ಕಾಗಿ ಬರೆದವರು ಕಮ್ಮಿ. 1944ರಲ್ಲಿ ಹೋವರ್ಡ್ ಹಾಕ್ಸ್ ಇದನ್ನ ಸಿನಿಮಾ ಮಾಡಿದಾಗ ಜಾನ್ಸನ್ ಚೆಕ್ಕಿಗೆ ಸಹಿ ಹಾಕೋ ಮೊದಲೇ ಹಾರಿಬಂದ ಗುಂಡಿಗೆ ಸಾಯ್ತಾನೆ. ಬಾಕಿ ಅನ್ನೋದು ಅಲ್ಲಿ ಆಕಸ್ಮಿಕ ಆಗಿಹೋಯ್ತು. ಆಮೇಲೆ ಬೋಗಾರ್ಟ್ ಮತ್ತು ಬಕಾಲ್ ಒಬ್ಬರನ್ನೊಬ್ಬರು ನೋಡೋದೇ ಸಿನಿಮಾ. ಚೆನ್ನಾಗಿದೆ, ನಾನೂ ಎರಡು ಸಲ ನೋಡಿದೆ. ಆದರೆ ಕಸುಬು ಕಾಣೆ.

ಕಾದಂಬರಿ ಓದಿ ಹ್ಯಾರಿಯ ಪರ ವಹಿಸಿ ಕೂತಿದ್ದೆ. ಆಮೇಲೆ ಟೋನಿ ಮಾರಿಸನ್ನರ 'ಪ್ಲೇಯಿಂಗ್ ಇನ್ ದ ಡಾರ್ಕ್' ಓದಿದೆ, 1992ರದ್ದು. ಅದರಲ್ಲಿ ಈ ದೋಣಿಯ ದೃಶ್ಯದ ಬಗ್ಗೆ ಕೆಲವು ಪುಟ ಇದೆ. ಹ್ಯಾರಿಯ ದೋಣಿಯಲ್ಲಿ ಕೆಲಸ ಮಾಡೋ ಒಬ್ಬ ಕರಿಯ ಆಳಿದ್ದಾನೆ. ಮೊದಲ ಭಾಗದ ಉದ್ದಕ್ಕೂ ಅವನಿಗೆ ಹೆಸರಿಲ್ಲ, ಒಂದು ಬೈಗುಳವೇ ಹೆಸರು. ದೋಣಿಯ ಚುಕ್ಕಾಣಿ ಹಿಡಿದಿದ್ದಾಗ ಮುಂದೆ ಹಾರುಮೀನುಗಳ ಹಿಂಡು ಎದ್ದದ್ದನ್ನ ಮೊದಲು ಕಾಣೋನು ಅವನು. ಕಂಡವನು ಕೂಗಬೇಕಲ್ವಾ? ಹೆಮಿಂಗ್ವೇ ಕೂಗಿಸಲ್ಲ. ಬದಲಿಗೆ ಹ್ಯಾರಿ ಅವನ ಕಡೆ ನೋಡಿ, ಅವನು ಏನೋ ಕಂಡಿದ್ದನ್ನ ತಾನು ಕಂಡೆ ಅಂತ ಸುತ್ತಿ ಬಳಸಿ ಹೇಳ್ತಾನೆ. ನೆಟ್ಟಗೆ ಬರೆಯೋದಕ್ಕೇ ಹೆಸರಾದ ಹೆಮಿಂಗ್ವೇಯ ವಾಕ್ಯ ಅಲ್ಲಿ ಯಾಕೆ ಸೊಟ್ಟಗಾಯ್ತು ಅನ್ನೋದು ಮಾರಿಸನ್ನರ ಪ್ರಶ್ನೆ. ಆ ಆಳಿಗೆ ಬಾಯಿ ಕೊಡಬಾರದು ಅಂತ ಹಟ ಹಿಡಿದದ್ದಕ್ಕೆ ವ್ಯಾಕರಣವೇ ಬೆಲೆ ತೆತ್ತಿತು ಅನ್ನೋದು ಅವರ ಉತ್ತರ.

ಇದನ್ನ ಓದಿ ನಾನು ಪುಸ್ತಕ ಮುಚ್ಚಿಟ್ಟೆ. ನೊಬೆಲ್ ಪಡೆದ ಲೇಖಕಿ ನೊಬೆಲ್ ಪಡೆದ ಲೇಖಕನಿಗೆ ಕೇಳಿದ್ದು ನಮ್ಮ ಚಿಕ್ಕಪ್ಪನ ಪ್ರಶ್ನೆಯನ್ನೇ. ಗಿರಾಕಿಯಿಂದ ಮೋಸಹೋದ ಹ್ಯಾರಿ ತನ್ನ ದೋಣಿಯಲ್ಲಿ ತಾನೇ ಇನ್ನೊಬ್ಬನ ಕಣ್ಣು ಕದ್ದಿದ್ದ. ನಾನು ನೆರಳು ಕ್ರಾಪ್ ಮಾಡಿದ ಹಾಗೆ.

ಎರಡನೆಯದು ಥಾಮಸ್ ಮೆಗ್ವೇನ್ ಬರೆದ 'ನೈಂಟಿ-ಟೂ ಇನ್ ದ ಶೇಡ್', 1973ರ ಕಾದಂಬರಿ. ನಾನಂದುಕೊಂಡ ಗೈಡ್ ಇಲ್ಲಿದ್ದಾನೆ: ಕಾಲುಮಟ್ಟದ ನೀರು, ಗಳ, ಬೋನ್‌ಫಿಶ್, ಪರ್ಮಿಟ್, ಟಾರ್ಪನ್. ಟಾಮ್ ಸ್ಕೆಲ್ಟನ್ ಅನ್ನೋ ಹುಡುಗ ಓದು ಬಿಟ್ಟು ಕೀ ವೆಸ್ಟಿಗೆ ವಾಪಸ್ ಬಂದು, ಹಳೇ ವಿಮಾನದ ಒಡಲಲ್ಲಿ ಮನೆ ಮಾಡಿಕೊಂಡಿದ್ದಾನೆ. ಅವನಿಗೆ ಬೇಕಿರೋದು ಒಂದೇ, ಗೈಡ್ ಆಗಬೇಕು. ಹಳೇ ಗೈಡ್ ನಿಕಲ್ ಡ್ಯಾನ್ಸ್ ಇವನ ಗಿರಾಕಿಗಳ ವಿಷಯದಲ್ಲಿ ಒಂದು ಕುಚೇಷ್ಟೆ ಮಾಡ್ತಾನೆ, ಇವನು ಸಿಟ್ಟಿಗೆ ಅವನ ದೋಣಿ ಸುಡ್ತಾನೆ. ನೀನು ಗೈಡ್ ಕೆಲಸಕ್ಕಿಳಿದರೆ ಕೊಲ್ತೀನಿ ಅಂತ ಅವನು. ಗೊತ್ತಿದ್ದೂ ಇವನು ಹೊಸ ದೋಣಿ ಮಾಡಿಸ್ತಾನೆ, ಕೊನೆಗೆ ಡ್ಯಾನ್ಸ್ ಆಡಿದ ಮಾತಿನಂತೆ ಗುಂಡು ಹೊಡೀತಾನೆ.

ಭಾಷೆಗೆ ಮಾರುಹೋಗಬೇಕು ಹಾಗಿದೆ. ಮೆಗ್ವೇನ್ ಆ ನೀರಿನ ಮೇಲೆ ಸ್ವತಃ ವರ್ಷಗಟ್ಟಲೆ ಮೀನು ಹಿಡಿದವನು, ಹಾಗಾಗಿ ಭರತ ಇಳಿತದ ಲೆಕ್ಕ, ಬೆಳಕಿನ ಕೋನ, ಯಾವುದೂ ತಪ್ಪಲ್ಲ. ಗೈಡನ್ನ ಅವನು ಆಳು ಮಾಡಲ್ಲ, ವೀರ ಮಾಡ್ತಾನೆ. ನನ್ನ ತಕರಾರು ಇರೋದು ಅಲ್ಲೇ. ಸ್ಕೆಲ್ಟನ್‌ಗೆ ಕೆಲಸ ಅಂದ್ರೆ ಪ್ರತಿಜ್ಞೆ. ಆದರೆ ಗೈಡ್ ಕೆಲಸ ಪ್ರತಿಜ್ಞೆಯಲ್ಲಿ ಇಲ್ಲ, ನೂರಾ ಎಂಟನೇ ದಿನದಲ್ಲಿದೆ. ಮತ್ತೊಬ್ಬ ಎಸೆಯೋಕೆ ಬರದವನು ದೋಣಿ ಹತ್ತಿದ್ದಾನೆ, ಗಾಳಿ ಎದುರಿಗಿದೆ, ಮೋಡ ಬಂದು ನೀರು ಕನ್ನಡಿ ಆಗಿದೆ, ಆದರೂ ಇವನು ಮೀನು ಹುಡುಕಿ ಕೊಡಬೇಕು, ಮೇಲಿಂದ ಗಿರಾಕಿಗೆ ಬೇಜಾರಾಗದ ಹಾಗೆ ನೋಡ್ಕೋಬೇಕು. ಆ ದಿನಕ್ಕೆ ಕಾದಂಬರಿಯಲ್ಲಿ ಜಾಗ ಕಮ್ಮಿ. ಗುಂಡು ಹಾರಿದ ಸದ್ದಿನಲ್ಲಿ ಗಳದ ಸದ್ದು ಕೇಳಲ್ಲ. 1975ರಲ್ಲಿ ಮೆಗ್ವೇನ್ ತಾನೇ ನಿರ್ದೇಶಿಸಿದ ಸಿನಿಮಾದಲ್ಲಿ ಪೀಟರ್ ಫೊಂಡಾ, ವಾರನ್ ಓಟ್ಸ್ ಇದ್ದಾರೆ. ಅಲ್ಲೂ ಜಗಳವೇ ಮುಂದೆ, ನೀರು ಹಿಂದೆ.

ಮೂರನೆಯದು ಕಥೆಯಲ್ಲ. ಮಾಂಟಿ ಬರ್ಕ್ ಬರೆದ 'ಲಾರ್ಡ್ಸ್ ಆಫ್ ದ ಫ್ಲೈ', 2020. ನಾನು ಫೋಟೋ ತೆಗೆಸಿಕೊಂಡ ಅದೇ ಹೊಮೊಸಾಸದ ಕಥೆ. 1970ರ ದಶಕದ ಕೊನೆಯಲ್ಲಿ ಅಲ್ಲಿಗೆ ಭಾರಿ ಗಾತ್ರದ ಟಾರ್ಪನ್ ಬರ್ತಿದ್ದವು. ರೋಮ, ಪುಕ್ಕ ಕಟ್ಟಿದ ಹುಸಿ ಎರೆ, ಅದಕ್ಕೆ ಫ್ಲೈ ಅಂತಾರೆ. ಅದರಲ್ಲಿ ವಿಶ್ವದಾಖಲೆಯ ಟಾರ್ಪನ್ ಹಿಡೀಬೇಕು ಅಂತ ಪ್ರತಿ ಮೇ ತಿಂಗಳು ಜಗತ್ತಿನ ಘಟಾನುಘಟಿಗಳು ಸೇರ್ತಿದ್ದರು. ವಾಲ್ ಸ್ಟ್ರೀಟ್ ಬ್ರೋಕರ್ ಟಾಮ್ ಇವಾನ್ಸ್ 1977ರಲ್ಲಿ 177 ಪೌಂಡಿನದ್ದು ಹಿಡಿದ. ಗಳ ಹಿಡಿದವನು ಸ್ಟೀವ್ ಹಫ್. 1982ರಲ್ಲಿ ಬಿಲ್ಲಿ ಪೇಟ್, 188 ಪೌಂಡು. ಗೈಡ್ ಹಾಲ್ ಚಿಟಮ್. 2001ರಲ್ಲಿ ಜಿಮ್ ಹಾಲೆಂಡ್ ಜೂನಿಯರ್, 202 ಪೌಂಡು 8 ಔನ್ಸು, ಅಂದ್ರೆ ಸುಮಾರು 92 ಕೆಜಿ, ಅದೂ 20 ಪೌಂಡು ತಡೆಯೋ ದಾರದಲ್ಲಿ. ಗೈಡ್ ಸ್ಟೀವ್ ಕಿಲ್ಪ್ಯಾಟ್ರಿಕ್.

ಬರ್ಕ್ ಗೈಡುಗಳ ಹೆಸರು ಬರೀತಾನೆ, ಅವರ ಮಾತು ಕೇಳ್ತಾನೆ. ಹಫ್ ಬಗ್ಗೆ ಬರೆದದ್ದು ಪುಸ್ತಕದ ಅತ್ಯುತ್ತಮ ಭಾಗ. ಮೀನು ಯಾಕೆ ಕಮ್ಮಿಯಾಯ್ತು, ಸಿಹಿನೀರಿನ ಬುಗ್ಗೆಗಳ ಹರಿವು ಇಳಿದದ್ದಕ್ಕೂ ಅದಕ್ಕೂ ಏನು ಸಂಬಂಧ ಅನ್ನೋದನ್ನೂ ವಿಚಾರಿಸ್ತಾನೆ. ಮೂರರಲ್ಲಿ ಪ್ರಾಮಾಣಿಕ ಪುಸ್ತಕ ಇದೇ. ಆದರೂ ಹೆಸರು ನೋಡಿ: ದೊರೆಗಳು. ಕಥೆ ಏರೋದು ಇಳಿಯೋದು ಪೌಂಡಿನ ಲೆಕ್ಕದಲ್ಲಿ, ಪೌಂಡು ಸೇರೋದು ರಾಡ್ ಹಿಡಿದವನ ಖಾತೆಗೆ. ಅದು ಬರ್ಕ್ ಮಾಡಿದ ನಿಯಮ ಅಲ್ಲ. 1939ರಲ್ಲಿ ಶುರುವಾದ ಐಜಿಎಫ್‌ಎ ಸಂಸ್ಥೆ ಈ ದಾಖಲೆಗಳನ್ನ ಇಡುತ್ತೆ. ಮೀನು ಸಿಕ್ಕಮೇಲೆ ಇನ್ನೊಬ್ಬ ರಾಡನ್ನಾಗಲೀ ರೀಲನ್ನಾಗಲೀ ಮುಟ್ಟಿದರೆ ದಾಖಲೆ ರದ್ದು ಅಂತ ಅದರ ನಿಯಮ. ಕೈ ಮುಟ್ಟಬಾರದು, ಕಣ್ಣಿನ ಬಗ್ಗೆ ನಿಯಮ ಮೌನ. ಡೆಲ್ ಬ್ರೌನ್ ಫ್ಲೈನಲ್ಲಿ 513 ಪರ್ಮಿಟ್ ಹಿಡಿದ ಅನ್ನೋದು ಈ ಲೋಕದಲ್ಲಿ ತೆಂಡೂಲ್ಕರನ ನೂರು ಶತಕದ ಹಾಗೆ ಎಲ್ಲರ ಬಾಯಲ್ಲಿರೋ ಅಂಕಿ. ಅದರಲ್ಲಿ ಅದೆಷ್ಟೋ ಮೀನು ಸಿಕ್ಕಿದ್ದು ಇದೇ ಹಫ್ ತಳ್ಳಿದ ದೋಣಿಯಲ್ಲಿ. ಹಫ್ ಕಂಡ ಪರ್ಮಿಟ್ ಎಷ್ಟು? ಆ ಅಂಕಿ ಯಾರ ಬಾಯಲ್ಲೂ ಇಲ್ಲ.

ಇದಕ್ಕೆ ಎದುರು ಮಾತು ಇದೆ, ಗೊತ್ತು. ಗೈಡಿಗೆ ದುಡ್ಡು ಸಿಗುತ್ತೆ, ಮೇಲೆ ಟಿಪ್ಸೂ ಸಿಗುತ್ತೆ. ಎದುರು ಗಾಳಿಯಲ್ಲಿ ಅರವತ್ತು ಅಡಿ ದೂರ, ಈಜ್ತಾ ಇರೋ ಮೀನಿನ ಮೂತಿ ಮುಂದೆ ಪುಕ್ಕದ ಎರೆ ಬೀಳಿಸೋದು ಹುಡುಗಾಟ ಅಲ್ಲ, ಅದೂ ವರ್ಷಗಟ್ಟಲೆ ಸಾಧನೆ. ಅಷ್ಟಕ್ಕೂ ತನ್ನ ಹೆಸರು ಬೇಡ, ಗಿರಾಕಿ ಮುಖ ಅರಳಿದರೆ ಸಾಕು ಅನ್ನೋ ಗೈಡುಗಳೂ ಇದ್ದಾರು. ಎಲ್ಲಾ ಒಪ್ಪಿದೆ. ನಾನು ಕೇಳ್ತಿರೋದು ಪದಕ ಅಲ್ಲ, ವಾಕ್ಯ. ಕಂಡವನೇ ಕರ್ತೃ ಆಗಿರೋ ಒಂದು ನೆಟ್ಟಗಿನ ವಾಕ್ಯ. ಹೆಮಿಂಗ್ವೇ ಅದನ್ನ ತಿರುಚಿದ, ಮೆಗ್ವೇನ್ ಅದನ್ನ ಗುಂಡಿನಿಂದ ಮುಗಿಸಿದ, ಬರ್ಕ್ ಬರೆದ, ಬರೆದು ಬೇರೆಯವರ ಅಧ್ಯಾಯದೊಳಗೆ ಇಟ್ಟ.

ನಾನೇನು ದೊಡ್ಡ ಸಾಚಾ ಅಲ್ಲ. ಒಮ್ಮೆ ರಾತ್ರಿ ಪ್ರೊಡಕ್ಷನ್ ಕುಸಿದು ಬಿದ್ದಾಗ, ಸಾವಿರಾರು ಸಾಲು ಲಾಗಿನಲ್ಲಿ ತಪ್ಪಿರೋ ಒಂದು ಸಾಲನ್ನ ಕಂಡಿದ್ದು ಸಪೋರ್ಟ್ ತಂಡದ ಹೊಸ ಹುಡುಗ. "ಇಲ್ನೋಡಿ ಸಾರ್" ಅಂತ ಸ್ಕ್ರೀನ್‌ಶಾಟ್ ಕಳಿಸಿದ. ಸರಿ ಮಾಡಿದ್ದು ನಾನು, ಇಪ್ಪತ್ತು ನಿಮಿಷದ ಕೆಲಸ. ಬೆಳಿಗ್ಗೆ ಕ್ಲೈಂಟ್ ನನ್ನ ಹೆಸರು ಹಾಕಿ ಊರಿಗೆಲ್ಲ ಮೇಲ್ ಮಾಡಿದ. ನಾನು "ಥ್ಯಾಂಕ್ಸ್" ಅಂತ ಉತ್ತರ ಬರೆದೆ. ಅದರಲ್ಲಿ ಇನ್ನೊಂದು ಸಾಲು ಸೇರಿಸಲು ಒಂದು ನಿಮಿಷ ಸಾಕಿತ್ತು. ಆ ವರ್ಷ ನನಗೆ ಒಳ್ಳೇ ರೇಟಿಂಗ್ ಬಂತು, ಅವನು ಕೆಲಸ ಬಿಟ್ಟ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲದೇ ಇರಬಹುದು. ನಾನು ಅವನನ್ನ ಕೇಳಿಲ್ಲ.

ಓದೋದಾದ್ರೆ ಮೊದಲು ಬರ್ಕ್ ಓದಿ, ಕೆಲಸ ಏನು ಅಂತ ಗೊತ್ತಾಗುತ್ತೆ. ಆಮೇಲೆ ಮೆಗ್ವೇನ್, ಆ ನೀರಿನ ಬಣ್ಣಕ್ಕೋಸ್ಕರ. ಹೆಮಿಂಗ್ವೇಯನ್ನ ಕೊನೆಗೆ, ಪಕ್ಕದಲ್ಲಿ ಮಾರಿಸನ್ ಇಟ್ಟುಕೊಂಡು.

ಫೋಟೋದ ಕ್ರಾಪ್ ತೆಗೆದು ಮತ್ತೆ ಹಾಕಿದ್ದೇನೆ. ಬುಕಿಂಗ್ ಮೇಲ್ ಹುಡುಕಿ, ಗೈಡಿನ ಹೆಸರು ಹಾಕಿ 'ಕಂಡಿದ್ದು ಇವರು, ಎಳೆದದ್ದು ನಾನು' ಅಂತ ಕೆಳಗೆ ಬರೆದೆ. ಇಲ್ಲಿ ಆ ಹೆಸರು ಬರೆದಿಲ್ಲ, ಅಚ್ಚಿಗೆ ಹಾಕಲು ಅವರನ್ನ ಕೇಳಿಲ್ಲ. ಈ ಸಲ ಲೈಕು ಹನ್ನೆರಡು. ಚಿಕ್ಕಪ್ಪ ಮಾತ್ರ ಫೋನಿನಲ್ಲಿ, "ಮತ್ತೆ ಪಾಲು ಕೊಟ್ಯಾ?" ಅಂತ ಕೇಳಿದ. ಮೀನನ್ನ ನೀರಿಗೇ ವಾಪಸ್ ಬಿಟ್ಟೆವು ಅಂದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ.

"ಹಾಗಾದ್ರೆ ಇಬ್ರೂ ಉಪವಾಸ ಅನ್ನು" ಅಂದ.