ಸೋತ ತಂಡವೂ ಮುಂದಿನ ಸುತ್ತಿಗೆ

ಪೈಥಾನ್ ಕಲಿಯುವ ಹೊಸಬರಿಗೆ ಪಟ್ಟಿ ಸೋಸುವ ಪಾಠ ಬಂತೆಂದರೆ ಉದಾಹರಣೆ ಹೆಚ್ಚುಕಡಿಮೆ ಒಂದೇ: 1ರಿಂದ 10ರವರೆಗಿನ ಸಂಖ್ಯೆಗಳು, ಅವುಗಳಲ್ಲಿ ಸಮಸಂಖ್ಯೆಗಳನ್ನು ತೆಗೆದುಹಾಕಿ. ಉದಾಹರಣೆ ಸಪ್ಪೆ ಎಂಬುದು ನನ್ನ ತಕರಾರಲ್ಲ. ಅದು ತಪ್ಪನ್ನು ಮುಚ್ಚಿಡುತ್ತದೆ.

ಹೊಸಬರು ತಾವಾಗಿ ಬರೆಯುವುದು ಹೀಗೆ: ಫಾರ್ ಲೂಪಿನಲ್ಲಿ ಒಂದೊಂದನ್ನೇ ನೋಡುತ್ತಾ, ಬೇಡವಾದದ್ದನ್ನು ಅದೇ ಪಟ್ಟಿಯಿಂದ ರಿಮೂವ್ ಮಾಡುವುದು. ಒಂದನ್ನು ತೆಗೆದೊಡನೆ ಅದರ ಹಿಂದಿದ್ದವೆಲ್ಲ ಒಂದು ಸ್ಥಾನ ಮುಂದೆ ಸರಿಯುತ್ತವೆ. ಲೂಪ್ ಅದನ್ನು ಲೆಕ್ಕಿಸದೆ ಮುಂದಿನ ಸ್ಥಾನಕ್ಕೆ ಹೋಗುತ್ತದೆ. ತೆಗೆದದ್ದರ ಪಕ್ಕದಲ್ಲಿದ್ದುದು ಪರೀಕ್ಷೆಯಿಲ್ಲದೆ ಪಾರು. 1ರಿಂದ 10ರಲ್ಲಿ ಸಮಸಂಖ್ಯೆಯ ಪಕ್ಕ ಯಾವಾಗಲೂ ಬೆಸಸಂಖ್ಯೆ. ಹಾಗಾಗಿ ಪಾರಾಗುವುದು ಉಳಿಯಬೇಕಾದದ್ದೇ! ಉತ್ತರ ಸರಿ, ವಿದ್ಯಾರ್ಥಿ ಪಾಸು. 4, 6, 7, 8 ಕೊಟ್ಟು ನೋಡಿ; 6 ಜಾಗ ಬಿಟ್ಟು ಕದಲುವುದಿಲ್ಲ.

ಕೊಡಗಿನಲ್ಲಿ ಕಲಿಸುವವರಿಗೆ ಇದಕ್ಕಿಂತ ಒಳ್ಳೆಯ ಪಟ್ಟಿ ಕೈಯಲ್ಲೇ ಇದೆ. ಪಾಂಡಂಡ ಕುಟ್ಟಪ್ಪ 1997ರಲ್ಲಿ ಕರಡದಲ್ಲಿ ಆರಂಭಿಸಿದ ಕೊಡವ ಕುಟುಂಬಗಳ ಹಾಕಿ ನಮ್ಮೆ 2024ರಲ್ಲಿ ನಾಪೋಕ್ಲುವಿನ ಚೆರಿಯಪರಂಬು ಮೈದಾನಕ್ಕೆ ಬಂದಾಗ, ಕುಂಡ್ಯೋಳಂಡ ಕಪ್‌ಗೆ ಹೆಸರು ಕೊಟ್ಟ ಒಕ್ಕಗಳು 360. ಸೋತರೆ ಮನೆಗೆ, ಅಷ್ಟೆ. ಪಂದ್ಯಗಳ ಕ್ರಮದಲ್ಲಿ ತಂಡಗಳನ್ನು ಸಾಲಾಗಿ ಬರೆಯಿರಿ. ಒಂದು ಪಂದ್ಯದ ಎರಡನೇ ತಂಡವೂ ಅದರ ನಂತರದ ಪಂದ್ಯದ ಮೊದಲ ತಂಡವೂ ಸೋತಿದ್ದರೆ ಸೋತವರಿಬ್ಬರು ಅಕ್ಕಪಕ್ಕ ಬಂದರು. ಆ ಲೂಪ್ ಒಬ್ಬರನ್ನು ಹೊರಗಟ್ಟಿ ಇನ್ನೊಬ್ಬರನ್ನು ಮುಂದಿನ ಸುತ್ತಿಗೆ ಕಳಿಸುತ್ತದೆ. ಮೈದಾನದಲ್ಲಿ ಜಗಳ ಎಬ್ಬಿಸುವಂಥ ತಪ್ಪು. ನಾಪೋಕ್ಲುವಿನ ಮಕ್ಕಳಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದ್ದರಿಂದ ತೆಗೆಯುವುದನ್ನು ಬಿಟ್ಟು ಸೇರಿಸುವುದನ್ನು ಮೊದಲು ಕಲಿಸಬೇಕು: ಒಂದು ಖಾಲಿ ಪಟ್ಟಿ, ಒಂದು ಇಫ್, ಗೆದ್ದ ತಂಡಕ್ಕೆ ಅಪೆಂಡ್. 360 ಒಕ್ಕಗಳ ಮೂಲ ಪಟ್ಟಿ ಹಾಗೇ ಇರುತ್ತದೆ. ಇದು ಕೈಗೆ ಹತ್ತಿದ ಮೇಲೆ ಇದನ್ನೇ ಒಂದು ಸಾಲಿಗೆ ಇಳಿಸುವ ಲಿಸ್ಟ್ ಕಾಂಪ್ರಿಹೆನ್ಷನ್ ಅರ್ಥವಾಗಲು ಕಷ್ಟವಿಲ್ಲ.

ಕೆಲವರು ನೇರವಾಗಿ ಫಿಲ್ಟರ್ ಮತ್ತು ಲ್ಯಾಮ್ಡಾಕ್ಕೆ ಹಾರುತ್ತಾರೆ. ನೋಡಲು ಚೆಂದ, ನಿಜ. ಆದರೆ ಪೈಥಾನಿನ ಕರ್ತೃ ಗೈಡೋ ವಾನ್ ರಾಸಮ್ ಅವರೇ 2005ರಲ್ಲಿ ಇವೆರಡನ್ನೂ ಭಾಷೆಯಿಂದ ಕೈಬಿಡಬೇಕೆಂದು ವಾದಿಸಿದ್ದರು. 2008ರ ಪೈಥಾನ್ 3ರಲ್ಲಿ ಅವು ಉಳಿದವು. ಫಿಲ್ಟರ್ ಮಾತ್ರ ಪಟ್ಟಿ ಕೊಡುವುದನ್ನು ನಿಲ್ಲಿಸಿ, ಒಂದು ಸಲ ಓದಿದರೆ ಬರಿದಾಗುವ ಇಟರೇಟರ್ ಕೊಡತೊಡಗಿತು. ಗೆದ್ದವರ ಹೆಸರನ್ನೆಲ್ಲ ಅದರಿಂದ ಪ್ರಿಂಟ್ ಮಾಡಿಸಿ, ಅದನ್ನೇ ಮತ್ತೆ ಎಣಿಸಲು ಹೊರಟರೆ ಸಿಗುವುದು ಸೊನ್ನೆ. ಮೊದಲ ತಿಂಗಳಲ್ಲೇ ಈ ಪೇಚು ಯಾಕೆ?