ವ್ಯಾಗನ್ನಿನ ಪಕ್ಕೆಯ ಬರಹ: ಸಾಲು ಸಾಲಿನ ವ್ಯಾಖ್ಯಾನ

ಬೆಂಗಳೂರಿನ ಅಕ್ಕಿಪೇಟೆಗೆ ತಾಗಿದ ಟಿ.ಸಿ.ಎಂ. ರಾಯನ್ ರಸ್ತೆಗೆ ಹಳಬರ ಬಾಯಲ್ಲಿ ಗೂಡ್ಸ್ ಶೆಡ್ ರಸ್ತೆ ಎಂದೇ ಹೆಸರು. ಈಗ ಧಾನ್ಯದ ರೇಕುಗಳು, ಅಂದರೆ ಸಾಲಾಗಿ ಜೋಡಿಸಿದ ವ್ಯಾಗನ್ನುಗಳು, ನಿಲ್ಲುವುದು ದೂರದ ವೈಟ್‌ಫೀಲ್ಡಿನಲ್ಲಿ. ಅಲ್ಲಿಗೆ ಬರುವ ಮುಚ್ಚುಗಾಡಿಯ ಪಕ್ಕೆಯ ಮೇಲೆ ಬಣ್ಣದಲ್ಲಿ ಬರೆದ ಕೆಲವು ಸಾಲುಗಳಿರುತ್ತವೆ. ಓದಲು ಬಂದರೆ ಒಳಗಿನ ಉಕ್ಕಿನ ಲೆಕ್ಕವೆಲ್ಲ ಅಲ್ಲೇ ಸಿಗುತ್ತದೆ.

ಬಿಸಿಎನ್‌ಎಚ್‌ಎಲ್

‘ಬಿ’ ಎಂದರೆ ಬೋಗಿ, ಅಂದರೆ ಗಾಡಿಯ ಅಡಿಯ ಚಕ್ರಗಳ ಚೌಕಟ್ಟು. ‘ಸಿ’ ಎಂದರೆ ಮುಚ್ಚಿದ ಗಾಡಿ. ‘ಎನ್’ ಏರ್‌ಬ್ರೇಕಿನ ಗುರುತು. ‘ಎಚ್‌ಎಲ್’ ಅಂದರೆ ಆಕ್ಸಲ್ ಮೇಲೆ ಹೆಚ್ಚು ಭಾರ, ಮೈ ಮಾತ್ರ ಹಗುರ. ವಿನ್ಯಾಸ ಲಖನೌದ ಆರ್‌ಡಿಎಸ್‌ಒ ಸಂಸ್ಥೆಯದು.

ಹನ್ನೊಂದು ಅಂಕಿಯ ನಂಬರು

ಮೊದಲೆರಡು ಅಂಕಿ ಗಾಡಿಯ ಬಗೆ, ಮುಂದಿನೆರಡು ಯಾವ ವಲಯದ್ದೆಂಬುದು, ಆಮೇಲಿನೆರಡು ತಯಾರಾದ ವರ್ಷ. ಕೊನೆಯದು ಉಳಿದ ಹತ್ತನ್ನು ತಾಳೆ ನೋಡುವ ಅಂಕಿ.

ಟೇರ್ 20.8 ಟನ್

ಇದು ಖಾಲಿ ಗಾಡಿಯ ತೂಕ. ನನಗೆ ಎಲ್ಲಕ್ಕಿಂತ ಮುಖ್ಯವಾದ ಸಾಲು ಇದೇ. ಹಿಂದಿನ ಬಿಸಿಎನ್ ಗಾಡಿಯ ಟೇರ್ 27.2 ಟನ್, ಹೊರುತ್ತಿದ್ದುದು 54.1 ಟನ್. ಹೊಸದು ಹೊರುವುದು 70.8. ಹೆಚ್ಚಿದ್ದು 16.7 ಟನ್. ಅದರಲ್ಲಿ 10.3 ಟನ್ ಹಳಿ ಕೊಟ್ಟ ಸಲಿಗೆ: ಆಕ್ಸಲ್ ಭಾರದ ಮಿತಿ 20.3 ಟನ್ನಿನಿಂದ 22.9ಕ್ಕೆ ಏರಿತು. ಉಳಿದ 6.4 ಟನ್ ವಿನ್ಯಾಸಕಾರರ ಸಂಪಾದನೆ.

ಸುಮಾರು 15.4 ಮೀಟರ್ ಉದ್ದವಿದ್ದ ಗಾಡಿ 11 ಮೀಟರಿಗೆ ಇಳಿಯಿತು, ಎತ್ತರ ಹೆಚ್ಚಿತು. ಆಧಾರಗಳ ನಡುವಿನ ದೂರ ಕಡಿಮೆಯಾದಷ್ಟೂ ತೊಲೆ ಬಾಗುವುದು ಕಡಿಮೆ; ಉಕ್ಕೂ ಕಡಿಮೆ ಸಾಕು. ಇನ್ನೊಂದು ಉಳಿತಾಯ ತುಕ್ಕಿನದು. ಗೊಬ್ಬರದ ಪುಡಿ ಮೂಲೆಯಲ್ಲಿ ಉಳಿದು, ಮಳೆನೀರು ಸೇರಿದರೆ ಮಾಮೂಲಿ ಉಕ್ಕು ಬೇಗ ಸವೆಯುತ್ತದೆ. ಹಾಗಾಗಿ ಹಿಂದೆ ತಗಡನ್ನು ಬೇಕಾದ್ದಕ್ಕಿಂತ ದಪ್ಪ ಇಡಬೇಕಿತ್ತು. ಮೈಗೆ ಸ್ಟೇನ್‌ಲೆಸ್ ಉಕ್ಕು ಬಂದ ಮೇಲೆ ತುಕ್ಕಿಗೆಂದು ಎತ್ತಿಟ್ಟ ಆ ದಪ್ಪ ಬೇಕಿಲ್ಲ. ಉಳಿದ ಪ್ರತಿ ಕಿಲೋ ಜಾಗದಲ್ಲಿ ಒಂದು ಕಿಲೋ ಅಕ್ಕಿ ಕೂರುತ್ತದೆ, ಅದೂ ಗಾಡಿಯ ಆಯುಷ್ಯವಿಡೀ. ಇಂಥ ಕೆಲಸಕ್ಕೆ ಸಿಗಬೇಕಾದ ಮೆಚ್ಚುಗೆ ನಮ್ಮಲ್ಲಿ ಸಿಕ್ಕಿಲ್ಲ.

ಸಿಸಿ 70.8 ಟನ್

ಹೊರುವ ಶಕ್ತಿ. 50 ಕಿಲೋ ಮೂಟೆಯಾದರೆ 1,416 ಮೂಟೆಗಳ ತೂಕ. ಈ ಭಾರ ನೆಲದ ತಗಡಿನಿಂದ ಅಡ್ಡತೊಲೆಗಳಿಗೆ, ಅಲ್ಲಿಂದ ಉದ್ದಕ್ಕೆ ಹಾದ ನಡುತೊಲೆಯಾದ ಸೆಂಟರ್ ಸಿಲ್‌ಗೆ, ಬೋಲ್‌ಸ್ಟರ್‌ಗೆ, ಪಿವಟ್ಟಿನ ಮೂಲಕ ಬೋಗಿಗೆ, ಸ್ಪ್ರಿಂಗುಗಳ ಮೇಲೆ ಹಾದು ಎಂಟು ಚಕ್ರಗಳಿಗೆ ಇಳಿಯುತ್ತದೆ. ಗಾಡಿಯ ತೂಕವೂ ಸೇರಿ ಒಂದೊಂದು ಚಕ್ರದ ಕೆಳಗೆ 11.45 ಟನ್.

ಆದರೆ ಸೆಂಟರ್ ಸಿಲ್ ನಿಜವಾಗಿ ಪರೀಕ್ಷೆಗೆ ಒಳಗಾಗುವುದು ಗಾಡಿಯ ಉದ್ದಕ್ಕೆ ಬೀಳುವ ಸೆಳೆತದಲ್ಲಿ. 58 ವ್ಯಾಗನ್ನುಗಳ ರೇಕಿನಲ್ಲಿ ಎಂಜಿನ್ನಿನ ಪಕ್ಕದ್ದರ ಹಿಂದೆ 57 ತುಂಬಿದ ಗಾಡಿಗಳಿವೆ. ಒಟ್ಟು ತೂಕ 5,200 ಟನ್ ದಾಟುತ್ತದೆ. ನೂರಕ್ಕೆ ಒಂದರ ಏರಿನಲ್ಲಿ ಅದರ ನೂರರಲ್ಲೊಂದು ಪಾಲು, ಅಂದರೆ 52 ಟನ್ ಎಳೆತ, ಬರೀ ಏರಿನ ಬಾಬ್ತಿಗೆ ಮೊದಲ ಕಪ್ಲರಿನ (ಗಾಡಿಗಳನ್ನು ಜೋಡಿಸುವ ಕೊಂಡಿಯ) ಮೇಲೆ ಬೀಳುತ್ತದೆ. ಸುಬ್ರಹ್ಮಣ್ಯ ರೋಡಿನಿಂದ ಸಕಲೇಶಪುರಕ್ಕೆ ಹತ್ತುವ ಘಾಟಿಯಲ್ಲಿ ಏರು ಐವತ್ತಕ್ಕೆ ಒಂದು. ಅಲ್ಲಿ ಹಿಂದಿನಿಂದ ಬ್ಯಾಂಕರ್ ಎಂಜಿನ್ ತಳ್ಳುವುದು ಇದಕ್ಕೇ. ತಳ್ಳಿದಾಗ ಸಿಲ್ ಹಿಗ್ಗುವ ಬದಲು ಒತ್ತಡಕ್ಕೆ ಸಿಗುತ್ತದೆ. ಉದ್ದದ ಉಕ್ಕಿಗೆ ಎಳೆತಕ್ಕಿಂತ ಒತ್ತಡ ಅಪಾಯ: ಪಕ್ಕಕ್ಕೆ ಬಾಗಿ ಮಡಚಿಕೊಳ್ಳಬಹುದು. ಎರಡು ಝಡ್ ಆಕಾರದ ತೊಲೆಗಳನ್ನು ಬೆಸೆದು ಪೆಟ್ಟಿಗೆಯಂತೆ ಮಾಡುವುದು ಆ ಬಾಗನ್ನು ತಡೆಯಲು. ಕಪ್ಲರಿನ ಹಿಂದಿರುವ ಡ್ರಾಫ್ಟ್ ಗೇರ್ ಏಟನ್ನು ಒಂದಿಷ್ಟು ನುಂಗಿ, ಮಿಕ್ಕಿದ್ದನ್ನು ಸಿಲ್‌ಗೆ ದಾಟಿಸುತ್ತದೆ. ಕಪ್ಲರಿನ ರೇಖೆಯೂ ಸಿಲ್‌ನ ನಡುರೇಖೆಯೂ ಒಂದೇ ಎತ್ತರದಲ್ಲಿಲ್ಲದಿದ್ದರೆ ಒಂದೊಂದು ಏಟೂ ಗಾಡಿಯನ್ನು ಬಾಗಿಸುತ್ತದೆ. ಅದನ್ನೂ ಲೆಕ್ಕ ಹಿಡಿಯಬೇಕು.

ಪಿಒಎಚ್, ರಿಟರ್ನ್ ಡೇಟ್

ವರ್ಕ್‌ಶಾಪಿನಲ್ಲಿ ಬಿಚ್ಚಿ ನೋಡಿದ ದಿನ, ಮತ್ತೆ ಅಲ್ಲಿಗೆ ಮರಳಬೇಕಾದ ದಿನ. ಒಂದೇ ಏಟಿಗೆ ಮುರಿಯುವ ವ್ಯಾಗನ್ ಅಪರೂಪ. ಲಕ್ಷಾಂತರ ಸಣ್ಣ ಏಟುಗಳ ದಣಿವು ಬೆಸುಗೆಯ ತುದಿಯಲ್ಲಿ, ನಿಲುಗಂಬವು ಅಡ್ಡತೊಲೆಗೆ ಕೂಡುವ ಮೂಲೆಯಲ್ಲಿ, ಕೂದಲೆಳೆಯ ಬಿರುಕಾಗಿ ಶುರುವಾಗುತ್ತದೆ. ಟಿಎಕ್ಸ್‌ಆರ್ (ಗಾಡಿ ತಪಾಸಣೆಯ) ಸಿಬ್ಬಂದಿ ಯಾರ್ಡಿನಲ್ಲಿ ಬಗ್ಗಿ, ಟಾರ್ಚು ಬಿಟ್ಟು ಹುಡುಕುವ ಜಾಗಗಳಲ್ಲಿ ಇವೂ ಸೇರಿವೆ. ಬಿರುಕು ಕಂಡ ಗಾಡಿಯನ್ನು ‘ಸಿಕ್’ ಎಂದು ಗುರುತು ಹಾಕಿ ರೇಕಿನಿಂದ ಕಳಚುತ್ತಾರೆ, ರಿಟರ್ನ್ ಡೇಟಿಗೆ ಇನ್ನೆಷ್ಟು ತಿಂಗಳಿದ್ದರೂ.